ತಂಗಿಯ ಕಣ್ಣಿನ ತಾಮ್ರ

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಬಳಗದಲ್ಲಿ ಈಗ ಬೇರೆಯದೇ ಕಥೆ ಓಡಾಡುತ್ತಿದೆ. ಆ ಕಥೆಯಲ್ಲಿ ನಾನು ತಂಗಿಯ ಜೀವ ಉಳಿಸಿದ ಅಕ್ಕ. ಮದುವೆಮನೆಗಳಲ್ಲಿ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ನನ್ನನ್ನು ತೋರಿಸಿ, "ಅಕ್ಕ ಅಂದರ ಹಿಂಗಿರಬೇಕು ನೋಡ" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಪಂಕ್ತಿಯಲ್ಲಿ ಕೂತು ಉಣ್ಣುತ್ತೇನೆ. ಅದನ್ನೂ ಅವರು ವಿನಯ ಅಂದುಕೊಂಡಿದ್ದಾರೆ.

ನಮ್ಮ ಮನೆ ಮಹಾರಾಷ್ಟ್ರದ ಸಾಂಗ್ಲಿವಾಡಿಯಲ್ಲಿ. ಅಂಗಡಿ ಕೃಷ್ಣೆಯ ಸೇತುವೆಯ ಆಚೆ, ಸಾಂಗ್ಲಿ ಪೇಟೆಯ ಒಂದು ಗಲ್ಲಿಯಲ್ಲಿ. ಬ್ಲೌಸ್ ಹೊಲಿಯುವ ಅಂಗಡಿ ಅದು. ಅಪ್ಪ ಹೋದ ಮೇಲೆ ನಾನೇ ಹಾಕಿದ್ದು. ಅಳತೆ, ಕಟಿಂಗ್, ಹೊಲಿಗೆ, ಗಿರಾಕಿಗಳ ಕಿರಿಕಿರಿ ಎಲ್ಲ ನನ್ನ ಪಾಲಿಗೆ. ನನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ ಮಾಡುವುದು ಆರಿ ಕೆಲಸ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಜರಿ, ಮಣಿ, ಮುತ್ತು ಕೂರಿಸುವ ಕಸೂತಿ. ಲಗ್ನದ ಬ್ಲೌಸ್ ಹೊಲಿಸಲು ಬಂದವರು ಹೊಸ್ತಿಲಲ್ಲೇ ನಿಂತು ಮರಾಠಿಯಲ್ಲಿ "ಧಾಕಟೀ ಕುಠೆ?" ಎನ್ನುವರು, ಚಿಕ್ಕವಳು ಎಲ್ಲಿ ಅಂತ. ನಾನು ಕೊರಳಿಗೆ ಟೇಪ್ ಹಾಕಿಕೊಂಡು ಅವರ ಮುಂದೆಯೇ ನಿಂತಿರುತ್ತಿದ್ದೆ.

ತೋಳು ಮೇಲೆತ್ತಿದರೂ ಬಗಲಲ್ಲಿ ಹಿಡಿಯದ ಹಾಗೆ ಬ್ಲೌಸ್ ಕತ್ತರಿಸುವುದು ಸುಲಭವಲ್ಲ. ಆದರೆ ಯಾವ ಮದುಮಗಳೂ ಬಗಲು ತೋರಿಸಿ ಫೋಟೊ ತೆಗೆಸಿಕೊಳ್ಳುವುದಿಲ್ಲ. ಎಲ್ಲರೂ ಬೆನ್ನು ತೋರಿಸುತ್ತಾರೆ, ಬೆನ್ನ ಮೇಲೆ ನನ್ನ ತಂಗಿಯ ನವಿಲು ಇರುತ್ತದೆ.

ಕೈಕೆಲಸ ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಅವಳಿಗೆ ಕಣ್ಣೂ ಇದ್ದವು. ಅಪ್ಪನ ತಾಯಿಯಿಂದ ಬಂದ ತಿಳಿ ಬಣ್ಣದ ಕಣ್ಣು, ನಮ್ಮ ಕಡೆ ಘಾರೆ ಡೋಳೆ ಅನ್ನುತ್ತಾರಲ್ಲ, ಅದು. ಬಿಸಿಲಿಗೆ ಬೂದು, ನೆರಳಿಗೆ ಹಸಿರು. ನನ್ನವು ಮಾಮೂಲಿ ಕರಿ ಕಣ್ಣು. ಚಿಕ್ಕಂದಿನಲ್ಲಿ ಬಂದ ನೆಂಟರೆಲ್ಲ ಅವಳ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ ನೋಡುವರು. ನನ್ನನ್ನು ನೀರು ತರಲು ಕಳಿಸುವರು.

ನೀರು ಅಂದ ಕೂಡಲೇ ಅವ್ವನ ತಾಮ್ರದ ಚರಗಿ ನೆನಪಾಗುತ್ತದೆ. ತವರಿನಿಂದ ಬಂದ ಆ ತಂಬಿಗೆ ನಮ್ಮ ಮನೆಯಲ್ಲಿ ಒಂದೇ ಒಂದು ಇತ್ತು. ತಂಗಿಗೆ ಹನ್ನೆರಡನೆಯ ವಯಸ್ಸಿಗೆ ಕಾಮಾಲೆ ಆಗಿ, ಲಿವರ್ ನಾಜೂಕು ಅಂದರು. ತಾಮ್ರದಲ್ಲಿ ಇರುಳೆಲ್ಲ ಇಟ್ಟ ನೀರು ಲಿವರಿಗೆ ಒಳ್ಳೆಯದು ಎಂದು ಯಾರೋ ಹೇಳಿದರು. ಅಂದಿನಿಂದ ಆ ಚರಗಿ ಅವಳದಾಯಿತು. ದಿನಾ ಮುಂಜಾನೆ ಅವ್ವ ಹುಣಸೆಹಣ್ಣಿನಿಂದ ಅದನ್ನು ತಿಕ್ಕಿ ಫಳಫಳ ಮಾಡುವಳು, ತಂಗಿ ಎತ್ತಿ ಕುಡಿಯುವಳು. ನನಗೆ ಸ್ಟೀಲ್ ಲೋಟ. ಒಮ್ಮೆ ಕದ್ದು ಆ ಚರಗಿಯಲ್ಲಿ ಕುಡಿದಾಗ ಅವ್ವ, "ಗಟ್ಟಿಮುಟ್ಟ ಅದಿ, ನಿನಗ್ಯಾಕ ಬೇಕ ಅದು?" ಅಂದಳು. ಗಟ್ಟಿಮುಟ್ಟಾಗಿದ್ದದ್ದಕ್ಕೆ ನನಗೆ ಸಿಕ್ಕ ಬಹುಮಾನ ಇಷ್ಟೇ.

ಎರಡು ವರ್ಷದ ಹಿಂದಿನ ಬೇಸಿಗೆ. ತಂಗಿಯ ಕಣ್ಣು ಇನ್ನಷ್ಟು ಚೆಂದ ಆಗತೊಡಗಿದವು.

ಮೊದಲು ನೋಡಿದವಳು ನಾನೇ. ಬೇರೆ ಯಾರಿಗೆ ಅಷ್ಟು ಪುರುಸೊತ್ತು? ಕಟಿಂಗ್ ಮೇಜಿನ ಎದುರಿಗೇ ಅವಳ ಚೌಕಟ್ಟು. ಬಾಗಿಲ ಬೆಳಕು ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು. ಕಣ್ಣಿನ ಬಣ್ಣದ ಅಂಚಿನಲ್ಲಿ, ಮೇಲುಗಡೆ, ಉಗುರು ಕತ್ತರಿಸಿ ಬಿಟ್ಟಂಥ ಒಂದು ಹೊಂಬಣ್ಣದ ಗೆರೆ ಕಂಡಿತು. ಕೆಲವು ತಿಂಗಳಲ್ಲಿ ಕೆಳಗೂ ಒಂದು ಮೂಡಿತು. ಆಮೇಲೆ ಎರಡೂ ಕೂಡಿ ಸುತ್ತ ಬಳೆಯಾಯಿತು. ಗಿರಾಕಿಯೊಬ್ಬಳು ಅದನ್ನು ಕಂಡು, ಇಂಥ ಕಣ್ಣು ಸಿನಿಮಾದವರಿಗೂ ಇಲ್ಲ ಎಂದು ಫೋಟೊ ತೆಗೆದುಕೊಂಡಳು. ನಾನು ಹುಕ್ಕು ಹಚ್ಚುತ್ತ ಕೂತಿದ್ದೆ. ಸೂಜಿ ಬೆರಳಿಗೆ ಚುಚ್ಚಿತು.

ಬಣ್ಣದ ಲೆನ್ಸ್ ಹಾಕಿಕೊಂಡಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಇದ್ದ ಚೆಂದ ಸಾಲದೆ ಮೇಲೊಂದು ಬಳೆ ಬೇರೆ. ಅವಳ ಚೀಲ ತಡಕಾಡಿದೆ, ದಿಂಬಿನ ಕೆಳಗೆ ನೋಡಿದೆ, ಲೆನ್ಸಿನ ಡಬ್ಬಿ ಸಿಗಲಿಲ್ಲ. ಸಿಗದಿದ್ದಾಗ ಇನ್ನೂ ಸಿಟ್ಟು ಬಂತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಕೇಳಿಯೇ ಬಿಟ್ಟೆ.

"ಲೆನ್ಸ್ ಎಲ್ಲಿಂದ ತಂದಿ?"

"ಯಾವ ಲೆನ್ಸ್?"

"ನನ್ನ ಮುಂದ ನಾಟಕ ಬ್ಯಾಡ."

ಅವಳು ಅತ್ತುಬಿಟ್ಟಳು. ಆ ದಿನಗಳಲ್ಲಿ ಅವಳಿಗೆ ಅಳು ಬಹಳ ಬೇಗ ಬರುತ್ತಿತ್ತು. ಸಿಟ್ಟೂ ಹಾಗೇ. ನಗಬಾರದ ಕಡೆ ನಗು. ಮಾತು ಕೂಡ ಬಾಯಲ್ಲಿ ಅಡಿಕೆ ಇಟ್ಟುಕೊಂಡವರ ಹಾಗೆ ದಪ್ಪಗಾಗಿತ್ತು. ಹೊಗಳಿಕೆ ತಲೆಗೇರಿ ಸೊಕ್ಕು ಬಂದಿದೆ ಅಂತ ನಾನು ತಿಳಿದೆ.

ಆಮೇಲೆ ಕೈ ಹೋಯಿತು. ಒಂದು ಪೈಠಣಿ ಸೀರೆಯ ಬ್ಲೌಸು, ಬೆನ್ನಿಗೆ ನವಿಲು. ಸರಪಳಿ ಹೊಲಿಗೆ ನವಿಲಿನ ಕೊರಳ ಹತ್ತಿರ ಬಂದಾಗ ಗೆರೆ ಅತ್ತಿತ್ತ ಆಡಿತ್ತು. ಎಲ್ಲಾ ಬಿಚ್ಚಿ ಮತ್ತೆ ಮಾಡಿದಳು, ಮತ್ತೆ ಹಾಗೇ ಆಯಿತು. ಅವಳು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಸೂಜಿ ಇಳಿಸುವುದನ್ನು ನಾನು ನೋಡಿದೆ. ನೋಡಿ ನನಗೆ ಖುಷಿಯಾಯಿತು. ಒಳಗೊಳಗೇ, ಹಬ್ಬದ ಹೋಳಿಗೆ ತಿಂದಷ್ಟು ಖುಷಿಯಾಯಿತು. ಗಿರಾಕಿ ಬಂದಾಗ ಬಟ್ಟೆ ಬಿಡಿಸಿ ತೋರಿಸಿ, "ಹೊಲಿಗಿ ನಂದು, ಇದು ತಂಗೀದು" ಎಂದು ಬೇರೆ ಹೇಳಿದೆ. ಆ ಚೌಕಟ್ಟನ್ನು ಕುಪವಾಡದ ಇನ್ನೊಬ್ಬ ಕೆಲಸದವಳಿಗೆ ಕೊಟ್ಟು ನವಿಲು ಮುಗಿಸಿದೆವು. ಚೌಕಟ್ಟು ಹೊರಗೆ ಹೋಗುವಾಗ ತಂಗಿ ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದಳು.

ಅವ್ವ ಇದೆಲ್ಲ ದೃಷ್ಟಿ ಎಂದಳು. ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತಂಗಿಗೆ ನಿವಾಳಿಸಿದಳು. "ಹಾದಿ ಕಣ್ಣ, ಬೀದಿ ಕಣ್ಣ, ನೆರೀ ಕಣ್ಣ, ಹೊರೀ ಕಣ್ಣ, ಮನಿಯವರ ಕಣ್ಣ" ಎನ್ನುವಾಗ ನಾನು ಒಳಗೆ ಎದ್ದು ಹೋದೆ. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಗಟ್ಟಿ ತಗಲಿದೆ ಎಂದು ಅರ್ಥ. "ಯಾರದೋ ಕೆಟ್ಟ ಕಣ್ಣ" ಅಂದಳು ಅವ್ವ. ಯಾರದೆಂದು ನನಗೆ ಗೊತ್ತಿತ್ತು.

ಆದರೂ ಲೆನ್ಸಿನ ಹುಳ ತಲೆಯಿಂದ ಹೋಗಲಿಲ್ಲ. ಒಂದು ಸೋಮವಾರ, ಅಂಗಡಿ ರಜೆ, ನನ್ನ ಚಷ್ಮಾದ ನಂಬರ್ ತೋರಿಸಬೇಕು, ಜೊತೆಗೆ ಬಾ ಎಂದು ಸುಳ್ಳು ಹೇಳಿ ಅವಳನ್ನು ಮಿರಜಿಗೆ ಕರೆದುಕೊಂಡು ಹೋದೆ. ಅವ್ವನಿಗೂ ಅದೇ ಸುಳ್ಳು. ಕಣ್ಣಿನ ದವಾಖಾನೆಯಲ್ಲಿ ಡಾಕ್ಟರೇ ತಮ್ಮ ಕೈಯಿಂದ ಲೆನ್ಸ್ ತೆಗೆದು ಟ್ರೇಯಲ್ಲಿ ಇಡಬೇಕು, ಆಗ ಇವಳ ಮುಖ ನೋಡಬೇಕು. ನನಗೆ ಬೇಕಿದ್ದದ್ದು ಅದು. ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು, ಬಾಯಿಂದ ಜೊಲ್ಲು ಸುರಿದು ನನ್ನ ಸೆರಗು ಒದ್ದೆಯಾಯಿತು. ಅದಕ್ಕೂ ಬೈದೆ.

ದವಾಖಾನೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದಳು. ನಾನು ನೇರ ಹೇಳಿದೆ: "ಇಕಿ ಲೆನ್ಸ್ ಹಾಕ್ಕೊಂಡಾಳ್ರಿ. ತಗದ ಕೊಡ್ರಿ." ಆಗ ತಂಗಿಗೆ ನಾನು ಯಾಕೆ ಕರೆತಂದೆ ಎಂದು ತಿಳಿಯಿತು. ನನ್ನನ್ನು ಒಮ್ಮೆ ನೋಡಿದಳು, ಯಂತ್ರಕ್ಕೆ ಗದ್ದ ಇಟ್ಟಳು. ಡಾಕ್ಟರಮ್ಮ ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು, ಮತ್ತೆ ಮೊದಲನೆಯದನ್ನು ನೋಡಿದಳು. ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು.

ದೊಡ್ಡ ಡಾಕ್ಟರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಅಥಣಿ, ಚಿಕ್ಕೋಡಿ ಕಡೆಯ ರೋಗಿಗಳೆಲ್ಲ ಮಿರಜಿಗೇ ಬರುವುದರಿಂದ ಅಲ್ಲಿಯ ಡಾಕ್ಟರುಗಳು ಕನ್ನಡ ಕಲಿತೇ ಇರುತ್ತಾರೆ. ಅವರೂ ಯಂತ್ರದಲ್ಲಿ ನೋಡಿದರು. ಆಮೇಲೆ ಕಣ್ಣು ಬಿಟ್ಟು ಕೈ ಕೇಳಿದರು. "ಎರಡೂ ಕೈ ಮುಂದ ಚಾಚವ್ವಾ." ಚಾಚಿದ ಕೈಗಳು ಮಣಿಕಟ್ಟಿನಲ್ಲಿ ಪಟಪಟ ಹೊಡೆದುಕೊಂಡವು. ಹೆಸರು ಬರೆ ಅಂದರು. ನಮ್ಮ ಅಂಗಡಿಯ ಬೋರ್ಡಿನ ಅಕ್ಷರ ಬರೆದವಳು ಅವಳೇ. ಈಗ ಕಾಗದದ ಮೇಲೆ ಇರುವೆ ಸಾಲು ಕೆದರಿ ಹೋದಂತೆ ಏನೋ ಬಂತು.

"ಇದು ಲೆನ್ಸ್ ಅಲ್ಲವ್ವಾ. ತಾಮ್ರ," ಅಂದರು ಡಾಕ್ಟರು. "ಕಣ್ಣಿನ ಪರದಿ ಒಳಗ ತಾಮ್ರ ಕುಂತೈತಿ. ಕಣ್ಣಾಗ ಇಷ್ಟ ಕುಂತೈತಿ ಅಂದರ ಮೆದುಳಿನಾಗೂ ಕುಂತಿರಬೇಕು. ಈ ಬಳಿ ಮೊದಲ ನೋಡಿದವರ ಯಾರು?"

ತಂಗಿ ದಪ್ಪ ನಾಲಿಗೆಯಲ್ಲಿ, "ಅಕ್ಕ" ಅಂದಳು.

"ಭಾಳ ಚಲೋ ಕಣ್ಣ ಅದಾವ ನಿಮ್ಮವು," ಎಂದು ಅವರು ನನಗೆ ಹೇಳಿದರು. "ಡಾಕ್ಟರಗೋಳ ಕಣ್ಣಿಗೂ ಇದು ತಪ್ಪಿ ಹೋಗತೈತಿ. ಇನ್ನೊಂದ ವರ್ಷ ತಡಾ ಆಗಿದ್ದರ ಕಷ್ಟ ಇತ್ತು."

ಮೂವತ್ನಾಲ್ಕು ವರ್ಷದಲ್ಲಿ ನನ್ನ ಕಣ್ಣನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಹಿತವಾಯಿತು.

ಅಲ್ಲಿಂದ ನರದ ಡಾಕ್ಟರ ಹತ್ತಿರ ಕಳಿಸಿದರು. ಮರುದಿನ ಅವ್ವನೂ ಬಂದಳು. ಮೆದುಳಿನ ಸ್ಕ್ಯಾನು, ರಕ್ತ, ಆಮೇಲೆ ಒಂದು ಹಗಲು ಒಂದು ರಾತ್ರಿಯ ಮೂತ್ರ ಪೂರ್ತಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದು ತರಬೇಕು, ಲೋಹದ ಪಾತ್ರೆ ಮುಟ್ಟಿಸಬಾರದು ಎಂದರು. ಆ ಕ್ಯಾನನ್ನು ಬ್ಲೌಸ್ ಪೀಸಿನ ಚೀಲದಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದದ್ದೂ ನಾನೇ. ಪಕ್ಕದವಳು ಎಣ್ಣೆಯೇ ಎಂದು ಕೇಳಿದಳು. ಹೌದು ಅಂದೆ.

ರೋಗಕ್ಕೆ ವಿಲ್ಸನ್ ಎಂದು ಹೆಸರು. ನರದ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ತಾಮ್ರ ಎಲ್ಲರ ಮೈಗೂ ಚೂರು ಬೇಕು. ಕಾಳು, ಪಲ್ಯ, ನೀರು ಎಲ್ಲದರಲ್ಲೂ ಬರುತ್ತದೆ. ಹೆಚ್ಚಾದದ್ದನ್ನು ಲಿವರು ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಹಾಗೆ ಹೊರಗೆ ದೂಡಲೆಂದೇ ಲಿವರಿನಲ್ಲಿ ಒಂದು ಪ್ರೋಟೀನು ಇರುತ್ತದೆ. ತಾಮ್ರವನ್ನು ಹೊತ್ತುಕೊಂಡು ರಕ್ತದಲ್ಲಿ ತಿರುಗುವ ಇನ್ನೊಂದು ಪ್ರೋಟೀನಿದೆ, ಸೆರುಲೊಪ್ಲಾಸ್ಮಿನ್ ಅಂತ. ಅದರ ಮೇಲೆ ತಾಮ್ರ ಹೇರುವುದೂ ಮೊದಲನೆಯದರದೇ ಕೆಲಸ. ತಂಗಿಗೆ ಹುಟ್ಟಿನಿಂದಲೇ ಆ ಮೊದಲನೆಯದು ಕೆಟ್ಟಿತ್ತು. ಹಾಗಾಗಿ ರಕ್ತದಲ್ಲಿ ಎರಡನೆಯದು ಸಿಗಬೇಕಾದಷ್ಟು ಸಿಗಲಿಲ್ಲ, ಮೂತ್ರದಲ್ಲಿ ಬಿಡಿ ತಾಮ್ರ ಮಿತಿಮೀರಿ ಸಿಕ್ಕಿತು.

"ಪೂರ ಬಂದಾಗ ಗಟಾರದ ನೀರ ನದಿಗೆ ಹೋಗಲಾರದ ಹೊಳ್ಳಿ ಮನಿಯಾಗ ಹೊಕ್ಕೋತೈತಿಲ್ಲೋ, ಹಂಗ," ಅಂದರು. "ಲಿವರ ತುಂಬೇತಿ. ಆಮ್ಯಾಲ ಮೆದುಳಿಗೆ ಹೊಕ್ಕೈತಿ. ಕೈ, ನಾಲಿಗಿ, ಸಿಟ್ಟು, ಅಳು, ಎಲ್ಲಾ ಅದರಿಂದನ."

ಸಾಂಗ್ಲಿಯವರಿಗೆ ಪೂರದ, ಅಂದರೆ ನೆರೆಯ, ಲೆಕ್ಕ ಬೇರೆ ಹೇಳಿಕೊಡಬೇಕಿಲ್ಲ. ಗಟಾರದ ನೀರು ಬಚ್ಚಲಿನಿಂದ ಮೇಲೇರಿ ಅಡಿಗೆಮನೆಗೆ ಬಂದದ್ದನ್ನು ನಾವು ಕಂಡವರು. ಅವ್ವ ಅದನ್ನು ಕೇಳಿ, "ಸಾಹೇಬರ, ನಾ ಹದಿನಾಕ ವರ್ಷ ದಿನಾ ತಾಮ್ರದ ಚರಗಿ ನೀರ ಕುಡಿಸೀನ್ರಿ" ಅಂದಳು.

"ಚರಗಿಯಿಂದ ರೋಗ ಬಂದಿಲ್ಲವ್ವಾ. ಇನ್ನ ಮುಂದ ಕುಡಿಸಬ್ಯಾಡ್ರಿ, ಅಷ್ಟ. ನಿಮ್ಮ ಯಜಮಾನರು ನಿಮಗ ಮೊದಲಿಂದ ಸಂಬಂಧಿಕರೇನ್ರಿ?"

"ನನ್ನ ಸೋದರಮಾವನ ಮಗಾರಿ."

ಡಾಕ್ಟರು ತಲೆಯಾಡಿಸಿದರು. ಆ ಪ್ರೋಟೀನು ಮಾಡುವ ಜೀನಿನ ಒಂದು ಕೆಟ್ಟ ಪ್ರತಿ ಅವ್ವನ ಹತ್ತಿರ, ಅಪ್ಪನ ಹತ್ತಿರ ಒಂದು ಕೆಟ್ಟ ಪ್ರತಿ, ಎರಡೂ ಒಂದೇ ಅಜ್ಜ ಅಜ್ಜಿಯಿಂದ ಬಂದವು ಇರಬೇಕು. ಇಬ್ಬರಿಗೂ ಏನೂ ಆಗಿಲ್ಲ. ಎರಡೂ ಒಂದೇ ಮಗುವಿಗೆ ಬಂದರೆ ರೋಗ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮದೂ ತಪಾಸಣೆ ಆಗಬೇಕು ಎಂದರು.

ಮನೆಗೆ ಬಂದು ಅವ್ವ ಚರಗಿಯನ್ನು ಕೊನೆಯ ಸಲ ತಿಕ್ಕಿದಳು. ಒರೆಸಿ ನನ್ನ ಕೈಗೆ ಕೊಟ್ಟು, "ಇನ್ನ ಇದು ನಿಂದ. ನಿನ್ನ ರಿಪೋರ್ಟ ಬರೂತನಾ ಮ್ಯಾಲಿಡು" ಅಂದಳು. ಹದಿನಾಲ್ಕು ವರ್ಷ ನಾನು ಆಸೆಪಟ್ಟ ಚರಗಿ. ಅಟ್ಟದ ಮೇಲೆ ಇಟ್ಟೆ.

ನನ್ನ ರಿಪೋರ್ಟು ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಾನು ಕನ್ನಡಿಯ ಮುಂದೆ ಟಾರ್ಚ್ ಹಿಡಿದು ನನ್ನ ಕಣ್ಣು ನೋಡಿಕೊಂಡೆ. ಕರಿಕಣ್ಣಿನಲ್ಲಿ ಏನಿದ್ದರೂ ಕಾಣುವುದಿಲ್ಲ. ತಂಗಿಯದು ತಿಳಿ ಕಣ್ಣಾದದ್ದರಿಂದ ಬಳೆ ಬರಿಗಣ್ಣಿಗೆ ಕಂಡಿತು. ಅದೇ ರೋಗ ನನಗಿದ್ದಿದ್ದರೆ ಯಾರಿಗೂ ಕಾಣುತ್ತಲೇ ಇರಲಿಲ್ಲ. ರೋಗದಲ್ಲೂ ಅವಳ ಕಣ್ಣೇ ಮೇಲು ಎನಿಸಿ ಅಲ್ಲೂ ಹೊಟ್ಟೆ ಉರಿಯಿತು. ಕೊನೆಗೆ, ನಿಮಗೇನೂ ಇಲ್ಲ ಎಂದರು. ಮನೆಗೆ ಬಂದು ಹೇಳಿದೆ. ಅವ್ವ "ಹೂಂ, ಆತು" ಎಂದು ತಂಗಿಗೆ ಗಂಜಿ ಆರಿಸುತ್ತ ಕೂತಳು.

ಗುಳಿಗೆ ಶುರುವಾದವು. ಅವು ಹೊಟ್ಟೆಗೆ ಹೋಗಿ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಎಳೆದು ತರುತ್ತವೆ. ಬರಿಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು, ಊಟಕ್ಕೆ ತಾಸು ಮೊದಲು ಇಲ್ಲವೆ ಎರಡು ತಾಸು ಆದ ಮೇಲೆ. ಶೇಂಗಾ, ಗೋಡಂಬಿ, ಚಾಕ್ಲೇಟು ಬಂದ್. ಮೊದಮೊದಲು ರೋಗ ಹೆಚ್ಚಾದಂತೆ ಕಾಣಬಹುದು, ಹೆದರಬೇಡಿ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಹೆಚ್ಚಾಯಿತು. ಮೂರನೆಯ ವಾರಕ್ಕೆ ಅವಳಿಗೆ ಲೋಟ ಹಿಡಿಯಲಾಗಲಿಲ್ಲ. ಮಾತು ಪೂರ್ತಿ ನಿಂತಿತು. ಅನ್ನಬೇಕಾದದ್ದನ್ನು ಗಂಟಲಲ್ಲೇ ತಿರುವಿ ತಿರುವಿ ಕೊನೆಗೆ ಬಿಟ್ಟುಬಿಡುವಳು.

ಇಷ್ಟರಲ್ಲಿ ನನ್ನ ಕೀರ್ತಿ ಹಬ್ಬಿತ್ತು. ನೋಡಲು ಬಂದವರಿಗೆಲ್ಲ ಅವ್ವ, "ನಾ ಹಡದಾಕಿ, ನನಗ ಕಾಣಲಿಲ್ಲ. ಹಿರಿಯಾಕಿ ಕಂಡ ಹಿಡದ್ಲು. ಚಷ್ಮಾದ ನೆಪಾ ಮಾಡಿ ಕರಕೊಂಡ ಹ್ವಾದ್ಲು, ತಂಗಿ ಹೆದರಬಾರದಂತ" ಎನ್ನುವಳು. ಅವ್ವನ ಬಾಯಲ್ಲಿ ನನ್ನ ಹೊಗಳಿಕೆ! ಕಿವಿಗೆ ಬಿದ್ದಾಗೆಲ್ಲ ನನಗೆ ಇನ್ನೊಮ್ಮೆ ಕೇಳಬೇಕೆನಿಸುತ್ತಿತ್ತು. ಸತ್ಯ ಗೊತ್ತಿದ್ದವಳು ಒಬ್ಬಳೇ. ಅವಳು ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು, ಅವಳಿಗೆ ಮಾತು ಬರುತ್ತಿರಲಿಲ್ಲ.

ಒಂದು ದಿನ ಸೇತುವೆಯ ಮೇಲೆ ನಡೆದು ಬರುವಾಗ ನನಗೆ ಒಂದು ವಿಚಾರ ಬಂತು. ಇವಳಿಗೆ ಮಾತು ಮರಳಿ ಬರದಿದ್ದರೆ ನನ್ನ ಗುಟ್ಟು ಹಾಗೇ ಉಳಿಯುತ್ತದೆ. ಅಷ್ಟೇ. ಬಂದು ಹೋಯಿತು. ಕೆಳಗೆ ಕೃಷ್ಣೆ ಇತ್ತು. ನಾನು ಕಟಕಟೆ ಹಿಡಿದು ನಿಂತೆ. ಯಾವ ತಾಮ್ರವೂ ಇಲ್ಲದೆ ನನ್ನ ಮೆದುಳು ಇಷ್ಟು ಕೆಟ್ಟಿತ್ತು.

ಎರಡನೆಯ ತಿಂಗಳ ತಪಾಸಣೆಯಲ್ಲಿ ಮೂತ್ರದ ರಿಪೋರ್ಟು ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ತಾಮ್ರ ಹೊರಬರಬೇಕಾದಷ್ಟು ಬರುತ್ತಿಲ್ಲ. ಗುಳಿಗೆ ಸರಿಯಾಗಿ ಕೊಡುತ್ತಿದ್ದೀರಾ? ಅವ್ವ, ಒಂದೂ ತಪ್ಪಿಲ್ಲ ಎಂದಳು. ಯಾವಾಗ ಕೊಡುತ್ತೀರಿ ಎಂದಾಗ ಗೊತ್ತಾಯಿತು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಪ್ಪ ಹೋದಾಗಿನಿಂದ ಅವ್ವ ಇನ್ನೂ ಬಿಗಿ ವ್ರತ ಹಿಡಿದಿದ್ದಳು, ಮನೆಯಲ್ಲಿ ಯಾರೂ ಆ ಮೇಲೆ ನೀರನ್ನೂ ಮುಟ್ಟುವ ಹಾಗಿಲ್ಲ. ಸಂಜೆಯ ಊಟ ಹೊತ್ತು ಮುಳುಗುವ ಮುಂಚೆ, ಆಮೇಲೆ ಎರಡು ತಾಸಿಗೆ ಗುಳಿಗೆ ಎಂದರೆ ಕತ್ತಲಲ್ಲಿ ನೀರು ಕುಡಿಯಬೇಕು. ಹಾಗಾಗಿ ಅವ್ವ ಸಂಜೆಯ ಗುಳಿಗೆಯನ್ನು ರೊಟ್ಟಿಯ ಜೊತೆಗೇ ಕೊಟ್ಟುಬಿಡುತ್ತಿದ್ದಳು. ಮುಂಜಾನೆಯದನ್ನೂ ಅದೇ ರೂಢಿಯಲ್ಲಿ ನಾಷ್ಟಾದ ಜೊತೆಗೆ. ಅನ್ನ ಕೂಡಿದರೆ ಆ ಗುಳಿಗೆ ಅರ್ಧಕ್ಕರ್ಧ ಮೈಗೆ ಹತ್ತುವುದೇ ಇಲ್ಲ.

ಅವತ್ತು ಕತ್ತಲಾದ ಮೇಲೆ ಅವ್ವ ತಾನೇ ಎದ್ದು ಲೋಟದಲ್ಲಿ ಕಾಯಿಸಿ ಆರಿಸಿದ ನೀರು ತಂದಳು. ಗುಳಿಗೆ ತಂಗಿಯ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದಳು.

ನಾನು ತಡೆಯಲಾರದೆ ಹೋದೆ.

"ಅವ್ವಾ, ಅಪ್ಪ ಹ್ವಾದ ವರ್ಷ ನನಗ ಜ್ವರಾ ಬಂದಿತ್ತು, ನೆನಪೈತೇನ? ರಾತ್ರಿ ನೀರ ಬೇಡಿದೆ. ಒದ್ದಿ ಅರಿವಿಲೆ ತುಟಿ ಒರಸಿದಿ. ನೀರ ಕೊಡಲಿಲ್ಲ."

"ನೀ ಗಟ್ಟಿ ಇದ್ದಿ," ಅಂದಳು ಅವ್ವ.

"ಗಟ್ಟಿ ಇದ್ದರ ನೀರಡಿಕಿ ಆಗಂಗಿಲ್ಲೇನ?"

ಅವ್ವ ಲೋಟ ಹಿಡಿದುಕೊಂಡೇ ಕೂತಳು. ಆಗ ತಂಗಿ ನಡುಗುವ ಕೈ ಚಾಚಿ ಅವ್ವನ ಕೈಯಿಂದ ಲೋಟ ತೆಗೆದುಕೊಂಡಳು. ಅರ್ಧ ನೀರು ಚೆಲ್ಲುತ್ತ, ತನ್ನ ಸೀರೆಯೆಲ್ಲ ತೋಯಿಸಿಕೊಳ್ಳುತ್ತ, ಅದನ್ನು ನನ್ನ ಮುಂದೆ ತಂದು ಹಿಡಿದಳು. ಉಳಿದದ್ದು ಎರಡು ಗುಟುಕು. ಕುಡಿದೆ. ಅವ್ವ ಬೇಡ ಅನ್ನಲಿಲ್ಲ.

ಅಲ್ಲಿಂದ ಗುಳಿಗೆಯ ಹೊತ್ತು ನಾನು ನೋಡಿಕೊಂಡೆ, ಫೋನಿನಲ್ಲಿ ಗಂಟೆ ಇಟ್ಟು. ಮೂತ್ರದಲ್ಲಿ ತಾಮ್ರ ಬರತೊಡಗಿತು. ಮಳೆಗಾಲ ಹೋಯಿತು, ಚಳಿಗಾಲ ಬಂತು. ಮೊದಲು ಜೊಲ್ಲು ನಿಂತಿತು. ಆಮೇಲೆ ಲೋಟ ಹಿಡಿದಳು. ಆಮೇಲೆ ಒಂದೊಂದೇ ಮಾತು. ತಿಂಗಳಿಗೊಮ್ಮೆ ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿ, ಪಕ್ಕದಿಂದ ಟಾರ್ಚ್ ಹಿಡಿದು ಬಳೆ ಎಷ್ಟು ಸವೆದಿದೆ ನೋಡುವುದು ನನ್ನ ಕೆಲಸವಾಯಿತು. ಅದು ಹೋಗಲು ವರ್ಷಗಟ್ಟಲೆ ಬೇಕು ಎಂದು ಡಾಕ್ಟರು ಹೇಳಿದ್ದರು. ಮಾತು ಸ್ಪಷ್ಟವಾದ ಹಾಗೆ ನಾನು ದಿನ ಎಣಿಸತೊಡಗಿದೆ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ.

ಕಸಬೆ ಡಿಗ್ರಜದಲ್ಲಿ ನಮ್ಮ ಮಾವಶಿಯ, ಅಂದರೆ ಅವ್ವನ ತಂಗಿಯ, ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆವು. ತಂಗಿ ರೋಗದ ಮೇಲೆ ಮೊದಲ ಸಲ ನಾಲ್ಕು ಜನರ ನಡುವೆ ಬಂದದ್ದು. ಮಾವಶಿ ತೊಟ್ಟಿಲ ಬಳಿ ನಿಂತು ಎಲ್ಲರಿಗೂ ಕೇಳುವಂತೆ ನನ್ನ ಕಥೆ ಶುರು ಮಾಡಿದಳು. ಮುಗಿಸಿ, "ಹೌದಲ್ಲವಾ, ನೀನ ಹೇಳ ನಿನ್ನ ಬಾಯಿಲೆ" ಎಂದು ತಂಗಿಯ ಕಡೆ ತಿರುಗಿದಳು. ಹೆಂಗಸರೆಲ್ಲ ಅವಳ ಬಾಯಿ ನೋಡಿದರು. ಮಾತು ಬರುವುದು ನಿಧಾನವೆಂದು ಎಲ್ಲರಿಗೂ ಗೊತ್ತಿತ್ತು, ಕಾದರು. ನಾನೂ ಕಾದೆ. ಸೆರಗಿನ ತುದಿ ಬೆರಳಿಗೆ ಬಿಗಿದು ಬೆರಳು ಬೆಳ್ಳಗಾಗಿತ್ತು.

"ಅಕ್ಕ," ಅಂದಳು ತಂಗಿ. ಉಸಿರು ತಗೊಂಡಳು. "ನನ್ನ ಕಣ್ಣ... ದಿನಾ ನೋಡ್ತಿದ್ಲು."

ಅಷ್ಟೇ. ಹೆಂಗಸರು ಕಣ್ಣೊರೆಸಿಕೊಂಡರು.

ತಿರುಗಿ ಬರುವಾಗ ರಿಕ್ಷಾದಲ್ಲಿ ಅವ್ವ ಮುಂದೆ ಡ್ರೈವರನ ಬಳಿ ಕೂತಿದ್ದಳು. ಹಿಂದೆ ನಾವಿಬ್ಬರೇ. ನಾನು ತಗ್ಗಿದ ದನಿಯಲ್ಲಿ ಕೇಳಿದೆ.

"ಯಾಕ ಹೇಳಲಿಲ್ಲ?"

"ಏನ?"

"ಲೆನ್ಸಿಂದು. ನಾ ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಕರಕೊಂಡ ಹೋಗಿದ್ದು."

ಅವಳು ತುಂಬ ಹೊತ್ತು ಹೊರಗೆ ಕಬ್ಬಿನ ಗದ್ದೆ ನೋಡಿದಳು. ಅವಳಿಗೆ ಮಾತು ಜೋಡಿಸಲು ಅಷ್ಟು ಹೊತ್ತು ಬೇಕಿತ್ತೋ, ಬೇಕಂತಲೇ ಕಾಯಿಸಿದಳೋ ಗೊತ್ತಿಲ್ಲ.

"ಹೇಳಿದರ ನೀ ನಾಚಿ ಹೊಟ್ಟಿಕಿಚ್ಚ ಬಿಡ್ತಿ," ಎಂದಳು ಒಂದೊಂದೇ ಶಬ್ದ ಇಟ್ಟು. "ಬಿಡಬ್ಯಾಡ ಅಕ್ಕಾ. ಅವ್ವ ನನಗ ಗುಳಿಗಿ ಕೊಡ್ತಾಳ, ಗಂಜಿ ಕೊಡ್ತಾಳ. ನನ್ನ ನೋಡಾಕಿ ನೀ ಒಬ್ಬಾಕಿನ."



ಈ ವರ್ಷ ಲಗ್ನದ ಸೀಸನ್ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ನಾನು ತೋಳು ಕತ್ತರಿಸುತ್ತಿದ್ದೆ. ಚೌಕಟ್ಟಿನ ಕಡೆಯಿಂದ ಟಕ್ ಟಕ್ ಸದ್ದು ಬಂತು. ತಂಗಿ ಕತ್ತರಿಸಿ ಉಳಿದ ಬಟ್ಟೆಯೊಂದನ್ನು ಬಿಗಿದು, ಯಾರಿಗೂ ಹೇಳದೆ, ಸೂಜಿ ಹಿಡಿದು ಕೂತಿದ್ದಳು. ನಾನು ಕತ್ತರಿ ಬಿಟ್ಟು ಹೋಗಿ ಹಿಂದೆ ನಿಂತೆ. ಗೇಣುದ್ದ ಸರಪಳಿ ಹೊಲಿಗೆ. ಮೊದಲ ನಾಲ್ಕು ಬೆರಳು ಸೊಟ್ಟ. ಆಮೇಲೆ ಸ್ವಲ್ಪ ಸೊಟ್ಟ. ಕೊನೆಯ ಎರಡು ಬೆರಳು ನೂಲು ಹಿಡಿದ ಹಾಗೆ ನೇರ, ಒಂದೊಂದು ಕೊಂಡಿಯೂ ಎಳ್ಳುಕಾಳಿನಷ್ಟು ಸಣ್ಣ. ನಾನು ಏಳು ಜನ್ಮ ಎತ್ತಿದರೂ ನನ್ನ ಕೈಯಲ್ಲಿ ಅಂಥದು ಬರಲಾರದು.

ಬಾಗಿಲಲ್ಲಿ ಯಾರೋ ಗಿರಾಕಿ ಬಂದು, "ಧಾಕಟೀ ಕುಠೆ?" ಎಂದು ಕೇಳಿದರು. ಹೊಟ್ಟೆಯ ತಳದಲ್ಲಿ ಆ ಹಳೆಯ ಉರಿ ಎದ್ದಿತು, ಮೊದಲಿನಷ್ಟೇ ಜೋರಾಗಿ. ನಾನು ಆ ಬಟ್ಟೆಯ ತುಂಡನ್ನು ಚೌಕಟ್ಟಿನಿಂದ ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಗಿರಾಕಿಯ ಮುಂದೆಯೇ ಅತ್ತುಬಿಟ್ಟೆ.